ಸವತಿಯನ್ನು ನೋಡಲು ಬಂದವಳು

ಅಂತರರಾಷ್ಟ್ರೀಯ ವೈಮಾನಿಕ ಪ್ರದರ್ಶನದಲ್ಲಿ ಎರಡು ಬಗೆಯ ಸೇನಾ ಹೆಲಿಕಾಪ್ಟರುಗಳಿರುತ್ತವೆ. ಹಾರುವವು ಒಂದು, ನಿಲ್ಲುವವು ಇನ್ನೊಂದು. ಹಾರುವುದಕ್ಕೆ ಪೈಲಟ್ ಸಾಕು. ನಿಲ್ಲುವುದರ ಜೊತೆ ನಿಲ್ಲಲು ಒಬ್ಬ ಮೆಕ್ಯಾನಿಕ್ ಬೇಕು.

ಈ ಮೆಕ್ಯಾನಿಕ್ ಬೆಳಗಿನಿಂದ ಹಳೆಯದೊಂದು ಹೆಲಿಕಾಪ್ಟರಿನ ಬಾಗಿಲಿಗೆ ಒರಗಿಸಿದ ಏಣಿಯ ಬುಡದಲ್ಲಿ ನಿಂತಿದ್ದ. ಏರುವವರಿಗೆ ಕೈ ಕೊಡುವುದು, ಇಳಿಯುವವರ ತಲೆ ಚೌಕಟ್ಟಿಗೆ ಬಡಿಯದಂತೆ ಅಂಗೈ ಅಡ್ಡ ಹಿಡಿಯುವುದು, ನಡುನಡುವೆ "ಕೆಂಪು ಗುಂಡಿ ಮುಟ್ಟಬೇಡಿ" ಅನ್ನುವುದು. ಬ್ಯಾಟರಿಯನ್ನೇ ತೆಗೆದಿಟ್ಟಿದ್ದರಿಂದ ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ಆದರೆ ಹಾಗೆ ಗದರಿಸದಿದ್ದರೆ ಜನರಿಗೆ ಸೇನೆಯ ಯಂತ್ರದಲ್ಲಿ ಕೂತ ತೃಪ್ತಿ ಸಿಗುತ್ತಿರಲಿಲ್ಲ.

ಪಕ್ಕದಲ್ಲೇ ಹೊರದೇಶದ ದಾಳಿ ಹೆಲಿಕಾಪ್ಟರ್. ಕಣಜದ ಹಾಗೆ ಸಣ್ಣ ಸೊಂಟ, ಚೂಪು ಮೂತಿ. ಅದರ ಸುತ್ತ ಹಗ್ಗ, ಹಗ್ಗದ ಬಳಿ ಕಪ್ಪು ಕನ್ನಡಕದ ಸಿಪಾಯಿ. ಅದರೊಳಗೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಫೋಟೋ ಅದರ ಮುಂದೆ, ಸಾಲು ಇದರ ಮುಂದೆ.

"ಮೈಲೇಜ್ ಎಷ್ಟು ಕೊಡುತ್ತೆ ಸಾರ್?"

"ಟ್ಯಾಂಕ್ ಖಾಲಿಯಾಗೋವರೆಗೂ ಕೊಡುತ್ತೆ."

"ಹಾರ್ನ್ ಇದೆಯಾ?"

"ನೀವು ಅಡ್ಡ ಬರೋ ಹಾಗಿದ್ರೆ ಹಾಕಿಸೋಣ."

ಮೊದಲ ದಿನ ಈ ಉತ್ತರಗಳಿಗೆ ಅವನೇ ನಕ್ಕಿದ್ದ. ಇಂದು ಕೊನೆಯ ದಿನ. ಬಾಯಿ ತಾನಾಗಿ ಮಾತಾಡುತ್ತಿತ್ತು, ಮೊಣಕಾಲು ಮಾತ್ರ ಮಾತು ಕೇಳುತ್ತಿರಲಿಲ್ಲ.

ಈ ಯಂತ್ರದ ಹೊಟ್ಟೆಯೊಳಗೆ ಅವನ ಅರ್ಧ ಆಯುಷ್ಯ ಕಳೆದಿತ್ತು. ಮಗಳು ಹುಟ್ಟಿದಾಗ ಇದರ ಗೇರ್‌ಬಾಕ್ಸ್ ಇಳಿಸುತ್ತಿದ್ದ. ಅದೇ ಮಗಳ ಮದುವೆಯ ಊಟದ ನಡುವೆ ಕರೆ ಬಂದು ಕೈ ತೊಳೆದು ಓಡಿದ್ದ. ಆಮೇಲೆ ಹೆಂಡತಿ ಇದನ್ನು ಸವತಿ ಎಂದೇ ಕರೆಯತೊಡಗಿದಳು.

"ಹೇಗಿದ್ದಾಳೆ ನನ್ನ ಸವತಿ?"

"ಎಣ್ಣೆ ಸೋರ್ತಾ ಇದೆ."

"ನನ್ನ ಕಣ್ಣು ಸೋರಿದ್ರೆ ಮಾತ್ರ ನಿಮಗೆ ರಜೆ ಸಿಗಲ್ಲ."

ಇಷ್ಟು ವರ್ಷ ಜಗಳವಾಡಿದ ಸವತಿಯ ಮುಖವನ್ನು ಅವಳು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಸಂಸಾರದವರು ಹ್ಯಾಂಗರಿನ ಗೇಟು ದಾಟುವಂತಿಲ್ಲ. ಈ ಪ್ರದರ್ಶನ ಮುಗಿದರೆ ಯಂತ್ರ ಗುಜರಿಗೆ, ಮೆಕ್ಯಾನಿಕ್ ನಿವೃತ್ತಿಗೆ. ಇಬ್ಬರನ್ನೂ ಒಟ್ಟಿಗೇ ಕಳಚುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಹಾಗಾಗಿ ಹೆಂಡತಿ ಬೆಳಿಗ್ಗೆ, "ಇವತ್ತು ನಾನೂ ಬರ್ತೀನಿ. ಒಂದು ಸಲ ಅವಳ ಮಡಿಲಲ್ಲಿ ಕೂತು ನೋಡ್ತೀನಿ, ಅಂಥದ್ದೇನು ಮಾಯೆ ಅಂತ," ಎಂದಿದ್ದಳು.

"ಸಾಲಲ್ಲೇ ಬರಬೇಕು ಮತ್ತೆ," ಎಂದಿದ್ದ ಅವನು.

"ನಿಮ್ಮನ್ನ ಕಟ್ಕೊಂಡ ಮೇಲೆ ಕಾಯೋದು ಹೊಸದಾ ನನಗೆ?"

ಮಧ್ಯಾಹ್ನ ದಾಟಿದ ಮೇಲೆ ಸಾಲಿನ ತುದಿಯಲ್ಲಿ ಅವಳ ನೀಲಿ ಕೊಡೆ ಕಾಣಿಸಿತು. ಕೊಡೆ ಇಷ್ಟಿಷ್ಟೇ ಮುಂದೆ ಸರಿಯಿತು. ಅಷ್ಟರಲ್ಲಿ ದೊಡ್ಡ ಅಧಿಕಾರಿಯೊಬ್ಬರ ಸಂಸಾರ ಸಾಲಿನ ಪಕ್ಕದಿಂದ ಬಂದು ಏಣಿ ಹತ್ತಿತು. ಒಂದೊಂದು ಸೀಟಿನಲ್ಲೂ ಒಬ್ಬೊಬ್ಬರ ಫೋಟೋ. ಆಮೇಲೆ ಸೀಟು ಬದಲಿಸಿ ಮತ್ತೆ ಫೋಟೋ. ಮೆಕ್ಯಾನಿಕ್ ಬಿಗಿಯಾಗಿ ನಗುತ್ತ ಏಣಿ ಹಿಡಿದು ನಿಂತ. ನೀಲಿ ಕೊಡೆ ಬಿಸಿಲಲ್ಲಿ ಇದ್ದಲ್ಲೇ ಇತ್ತು.

ಅವರು ಇಳಿದು ಹೋದ ಸ್ವಲ್ಪ ಹೊತ್ತಿಗೆ ಮೇಲಧಿಕಾರಿ ಬಂದು ಗಡಿಯಾರ ತಟ್ಟಿ ತೋರಿಸಿದ. "ಸಾಕು. ಆ ಟೋಪಿ ಹಾಕಿದವರ ತನಕ ಬಿಡು, ಆಮೇಲೆ ಹಗ್ಗ ಕಟ್ಟಿಬಿಡು. ಎಳೆಯೋ ಟ್ರಾಕ್ಟರ್ ಬರ್ತಾ ಇದೆ." ಹೇಳಿ ಹೊರಟೇಹೋದ.

ಟೋಪಿಯವನ ಹಿಂದೆ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸು. ಅವಳ ಹಿಂದೆ ನೀಲಿ ಕೊಡೆ. ಇಬ್ಬರನ್ನು ಹೆಚ್ಚಿಗೆ ಬಿಟ್ಟರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ. ಆದರೆ ಕೊಡೆಯ ಹಿಂದೆ ನಿಂತವನಿಗೆ ಏನು ಹೇಳುವುದು? ಅವನೂ ಅದೇ ಬಿಸಿಲಲ್ಲಿ ಬೆಂದವನು. ಯೋಚಿಸುತ್ತಿದ್ದಂತೆ ಟೋಪಿಯವನು ಏರಿ ಇಳಿದ. ಇಷ್ಟು ವರ್ಷ ಹೇಳಿದ್ದನ್ನು ಮಾಡಿ ಪಳಗಿದ ಕೈ, ಮನಸ್ಸಿಗೆ ಕಾಯದೆ ಹಗ್ಗ ಬಿಗಿಯಿತು.

"ಏನ್ರೀ ಇದು, ಇಷ್ಟು ಹೊತ್ತು ನಿಂತಿದ್ದು ದಂಡವಾ?" ಎಂದು ಹಿಂದಿನವನು ರೇಗಿದ.

ಹೆಂಡತಿ ರೇಗಿದವನತ್ತ ತಿರುಗಿದಳು. "ಅವರನ್ನ ಬಯ್ದು ಏನು ಬಂತು ಬಿಡಿ. ಮನೇಲಿ ಹೆಂಡ್ತಿ ಮಾತು ಕೇಳೋರ ಹಾಗೂ ಕಾಣಲ್ಲ."

ಸಾಲು ನಕ್ಕು ಚದುರಿತು. ಮೆಕ್ಯಾನಿಕ್ ತಲೆಯೆತ್ತಲಿಲ್ಲ, ಗಂಟು ಸರಿಯಾಗಿದ್ದರೂ ಮತ್ತೊಮ್ಮೆ ಬಿಗಿದ. ಟ್ರಾಕ್ಟರು ಹೆಲಿಕಾಪ್ಟರನ್ನು ಎಳೆದುಕೊಂಡು ಹೋಗುವಾಗ ಅವಳು ಕೊಡೆ ಮಡಚಿ, ಯಂತ್ರದ ಬಾಲ ಶೆಡ್ಡಿನ ಹಿಂದೆ ಮರೆಯಾಗುವವರೆಗೂ ನೋಡಿದಳು.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

"ಸಿಟ್ಟಾ?"

"ಸಿಟ್ಟಿಗೂ ಶಕ್ತಿ ಬೇಕಲ್ಲ. ಕಾಲು ಸತ್ತುಹೋಗಿದೆ."

"ಇಬ್ಬರನ್ನ ಬಿಡಬಹುದಿತ್ತು," ಎಂದ.

"ಹೂಂ. ಬಿಡಬಹುದಿತ್ತು."

"ಮುಂದಿನ ಸಲ ಹೊಸದು ತರ್ತಾರಂತೆ. ನಾನೂ ನಿನ್ನ ಜೊತೆ ಸಾಲಲ್ಲಿ ನಿಲ್ತೀನಿ."

"ಹೊಸದರ ಹತ್ರ ನನಗೇನು ಜಗಳ?"

ಅವನು ಮೊಣಕಾಲು ನೀವಿಕೊಂಡ. "ಒಳಗೆ ಅಂಥದ್ದೇನಿಲ್ಲ ಕಣೆ. ಸೀಟು ಕಲ್ಲಿನ ಹಾಗೆ. ಎಡಗಡೆ ಒಂದು..."

"ಸಾಕು ಸುಮ್ನಿರಿ. ಅವಳ ಸುದ್ದಿ ಕೇಳಿ ಕೇಳಿ ಬೇಜಾರಾಗಿದೆ. ಇವತ್ತು ಎಲ್ಲಾದ್ರೂ ಕೂರಬೇಕಿತ್ತು, ಕೂತೆ." ಚಪ್ಪಲಿ ಕಳಚಿ ಅವನ ಭುಜಕ್ಕೆ ತಲೆ ಕೊಟ್ಟಳು. ಎರಡು ತಿರುವು ಕಳೆಯುವಷ್ಟರಲ್ಲಿ ನಿದ್ದೆ.

ಅವರ ನಿಲ್ದಾಣ ಬಂತು. ದಾಟಿದರೆ ಅಷ್ಟು ದೂರ ಹಿಂದಕ್ಕೆ ನಡೆಯಬೇಕೆಂದು ಮೊಣಕಾಲು ನೆನಪಿಸಿತು. ಅವನು ಎಬ್ಬಿಸಲಿಲ್ಲ.