ಗುಂಡಿಗೂ ಕಡುಬಿಗೂ ಒಂದೇ ಟಾರ್ಚು

ಎಂಬತ್ತರ ದಶಕದಲ್ಲಿ ಅಮೆರಿಕದ ಮೌಂಟನ್ ವ್ಯೂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಎಂಜಿನಿಯರರು ತಮ್ಮ ಪಿಸ್ತೂಲಿನ ಗುಂಡುಗಳನ್ನು ಗರಾಜಿನಲ್ಲಿ ತಾವೇ ತುಂಬಿಕೊಳ್ಳುತ್ತಿದ್ದರು. ಹಳೆಯ ಹಿತ್ತಾಳೆ ಕೊಳವೆಗೆ ಮದ್ದಿನ ಪುಡಿ ಹಾಕಿ, ಟಾರ್ಚು ಬಿಟ್ಟು ಇಣುಕಿ, ಆಮೇಲೆಯೇ ಸೀಸದ ತುದಿ ಕೂರಿಸುತ್ತಿದ್ದರು. "ನೋಡ್ದೆ ಮುಚ್ಚಬಾರ್ದು ಕಣ್ರೀ" ಎನ್ನುತ್ತಿದ್ದರು.

ಗಣೇಶನ ಹಬ್ಬದಲ್ಲಿ ಕಡುಬು ಮಡಿಚಲು ಕೂತಾಗಲೂ ಒಂದೊಂದರ ಹೂರಣಕ್ಕೂ ಟಾರ್ಚು ಬಿಟ್ಟರು. ಅವರ ಮನೆಗೆ ಹಬ್ಬದೂಟಕ್ಕೆ ಹೋಗಿದ್ದ ನಾವು ಹಸಿದು ಕಾಯುತ್ತಿದ್ದೆವು. ಅವರ ಹೆಂಡತಿ ತಟ್ಟೆ ಕಿತ್ತುಕೊಂಡು, "ರೀ, ನೀವು ಗರಾಜಿಗೇ ಹೋಗಿ" ಎಂದರು. ಅವರು ಮುಖ ಊದಿಸಿಕೊಂಡು ಹೋಗಿ ಸಂಜೆಯವರೆಗೂ ಗುಂಡು ತುಂಬಿದರು.

ಮರುದಿನ ಶೂಟಿಂಗ್ ರೇಂಜಿನಲ್ಲಿ ಅವರ ಮೊದಲ ಗುಂಡೇ ಠುಸ್ಸೆಂದಿತು. ಅದಕ್ಕೆ ಮದ್ದೇ ಹಾಕಿರಲಿಲ್ಲ. ಅವರು ಪಿಸ್ತೂಲು ಕೆಳಗಿಟ್ಟು, ಹೆಂಡತಿ ತಂದಿದ್ದ ಡಬ್ಬಿ ತೆರೆದು ಕಡುಬು ಕಚ್ಚಿದರು. ಬಾಯಿ ತುಂಬ ಹೂರಣ.

"ಅದು ನಾನು ನೋಡ್ದೇ ಮುಚ್ಚಿದ್ದು" ಎಂದರು ಹೆಂಡತಿ.