ಅತ್ತೆಯ ತವರಿನ ಬಳೆಗಳು

ಅತ್ತೆ ನನ್ನನ್ನು ಮೊದಲ ಸಲ ಕಳ್ಳಿ ಎಂದದ್ದು ನಾನು ಅವರಿಗೆ ಸಾರನ್ನ ಕಲಸಿ ತಿನ್ನಿಸುತ್ತಿದ್ದಾಗ. "ನನ್ನ ತವರಿನ ಬಳೆ ಎಲ್ಲಿಟ್ಟಿದೀಯ? ಕೊಡೇ ಕಳ್ಳಿ." ಬಾಯಲ್ಲಿದ್ದ ತುತ್ತನ್ನು ನುಂಗಿಯೇ ಬೈದರು. ಊಟದ ಶಿಸ್ತು ಇನ್ನೂ ಮರೆತಿರಲಿಲ್ಲ.

ಮಿಕ್ಕದ್ದನ್ನೆಲ್ಲ ಮರೆವಿನ ಕಾಯಿಲೆ ಒಂದೊಂದಾಗಿ ಕಿತ್ತುಕೊಂಡಿತ್ತು. ಈ ಪರದೇಶದ ವುಡ್‌ರಿಡ್ಜ್ ಮನೆ, ಮಾವನವರ ಸಾವು, ಮೊಮ್ಮಗಳ ಹೆಸರು, ಕೊನೆಗೆ ನಾನು. ಸೊಸೆ ಹೋದಳು, ಚಿನ್ನ ಉಳಿಯಿತು. ಇದಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಬಳೆಗಳ ಕಥೆಯನ್ನು ನನಗೆ ಹೇಳಿದ್ದೇ ಅವರು. ಅವರಜ್ಜಿಯ ಸೊಂಟದ ಡಾಬನ್ನು ಕರಗಿಸಿ ಅವರ ಮದುವೆಗೆ ನಾಲ್ಕು ಬಳೆ ಮಾಡಿಸಿದ್ದರಂತೆ. ನನ್ನ ಮದುವೆ ಗೊತ್ತಾದಾಗ ಆ ನಾಲ್ಕನ್ನೂ ಕರಗಿಸಿ ನನಗೆ ಎರಡೆಳೆ ಸರ ಮಾಡಿಸಿದರು. ಮೈಸೂರಿನ ಅಂಗಡಿಯಲ್ಲಿ ಸ್ಟೂಲ್ ಹಾಕಿಸಿಕೊಂಡು, ಕರಗಿ ಮುಗಿಯುವವರೆಗೂ ಎದ್ದಿರಲಿಲ್ಲ. "ಬೀರುವಲ್ಲಿಟ್ರೆ ಅದೂ ಒಂದು ಸಾಮಾನು ಕಣೇ. ಮೈಮೇಲಿದ್ರೇನೇ ಚಿನ್ನ" ಎಂದು ತಾವೇ ನನ್ನ ಕೊರಳಿಗೆ ಕೊಕ್ಕೆ ಹಾಕಿದ್ದರು. ಪಕ್ಕದೂರು ಲಿಸ್ಲ್‌ನ ಆಫೀಸಿಗೂ ಸ್ವೆಟರಿನೊಳಗೆ ಅದನ್ನು ಹಾಕಿಕೊಂಡೇ ಹೋಗುತ್ತಿದ್ದೆ. ಚಳಿಗಾಲದ ಬೆಳಿಗ್ಗೆ ತಣ್ಣಗೆ ಕೊರಳಿಗೆ ತಾಗಿ, ಹೆದ್ದಾರಿಯಲ್ಲಿ ನನ್ನ ಎಕ್ಸಿಟ್ ಬರುವಷ್ಟರಲ್ಲಿ ಮೈಯಷ್ಟೇ ಬೆಚ್ಚಗಾಗುತ್ತಿತ್ತು. ಅದರ ಭಾರ ನನಗೆ ಇಷ್ಟ.

ಗಂಡ ಸಮಾಧಾನವಾಗಿ ಹೇಳಿ ನೋಡಿದರು. "ಅಮ್ಮ, ಆ ಬಳೆ ಕರಗಿಸಿ ಇವಳಿಗೆ ಸರ ಮಾಡಿಸಿದ್ರಲ್ಲ."

"ತವರಿನ ಬಳೆ ಯಾರಾದ್ರೂ ಕರಗಿಸ್ತಾರೇನೋ? ನಿಂಗೂ ಹೇಳ್ಕೊಟ್ಟಿದಾಳೆ ಅವಳು."

"ಜಸ್ಟ್ ಗೆಟ್ ಹರ್ ಫೇಕ್ ಒನ್ಸ್, ಅಮ್ಮ" ಎಂದಳು ಮಗಳು. ಹಾಗೇ ನಾಲ್ಕು ತಂದುಕೊಟ್ಟೆ. ಅತ್ತೆ ಅಂಗೈ ಮೇಲಿಟ್ಟು ಒಮ್ಮೆ ತೂಗಿ ನೋಡಿ ನೆಲಕ್ಕೆಸೆದರು. ನನ್ನ ಮುಖ ಗುರುತಿಸದವರು ತಗಡನ್ನು ಮಾತ್ರ ಕ್ಷಣದಲ್ಲಿ ಗುರುತಿಸಿದರು.

ಶನಿವಾರ ಅವರನ್ನು ನೋಡಲು ನಮ್ಮ ಬಡಾವಣೆಯ ಇಬ್ಬರು ಆಂಟಿಯರು ಬರುತ್ತಿದ್ದರು. ಅವರ ಮುಂದೆಯೂ ಅದೇ ರಾಗ. "ಇವಳ ಕೈಗೆ ಬೀಗದಕೈ ಕೊಡ್ಬೇಡಿ." ಆಂಟಿಯರು "ಪಾಪ, ಕಾಯಿಲೆ" ಎನ್ನುತ್ತಿದ್ದರು. ಆದರೆ ಒಮ್ಮೆ ಒಬ್ಬರ ಕಣ್ಣು ನನ್ನ ಸರದ ಮೇಲೆ ನಿಂತದ್ದನ್ನು ಕಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯೂ ತಾನಾಗಿ ಕೊರಳಿಗೆ ಹೋಯಿತು. ಅತ್ತೆಯನ್ನು ಎತ್ತಿ, ತೊಳೆದು, ಉಡಿಸಿ, ಉಣ್ಣಿಸಿದ ಮೇಲೆ ಇದು! ನನಗೆ ಬೇಕಾಗಿದ್ದದ್ದು ಒಂದೇ. ಅವರ ಮನಸ್ಸಿನಿಂದ ಕಳ್ಳಿ ಎಂಬ ಆ ಒಂದು ಮಾತು ಅಳಿಯಬೇಕು, ಅವರು ಕಣ್ಣುಮುಚ್ಚುವುದರೊಳಗೆ.

ಫೆಬ್ರವರಿಯ ಒಂದು ದಿನ ರಜೆ ಹಾಕಿ, ಸರವನ್ನು ತೆಗೆದುಕೊಂಡು ನಮ್ಮವರ ಚಿನ್ನದಂಗಡಿಗಳಿರುವ ಡೆವಾನ್ ಬೀದಿಗೆ ಡ್ರೈವ್ ಮಾಡಿದೆ. ಅಂಗಡಿಯವರು ಕರಗಿಸಲೇಬೇಕೇ ಎಂದು ಮತ್ತೆ ಮತ್ತೆ ಕೇಳಿದರು. ಅತ್ತೆಯ ಮದುವೆಯ ಫೋಟೋ ತೋರಿಸಿ, ಬಳೆ ಹೀಗೆಯೇ ಇರಬೇಕು, ನಾಲ್ಕು ಎಂದೆ. ವಾಪಸ್ ಬರುವಾಗ ಬೋಳು ಕೊರಳನ್ನು ಮುಟ್ಟಿಕೊಂಡು ಕಾರಿನಲ್ಲಿ ಚೆನ್ನಾಗಿ ಅತ್ತುಬಿಟ್ಟೆ.

ಬಳೆ ಸಿದ್ಧವಾದ ಶನಿವಾರ ಸೋಪು ಹಚ್ಚಿ ಒಂದೊಂದಾಗಿ ಅವರ ಕೈಗೆ ಏರಿಸಿದೆ. ಒಣಗಿದ ಕೈಯಲ್ಲಿ ಅವು ಮೊಣಕೈವರೆಗೆ ಜಾರಿದವು. ಅತ್ತೆ ಅವನ್ನು ಕೆನ್ನೆಗೆ ಒತ್ತಿಕೊಂಡು ನಕ್ಕರು. ಆ ನಗುವನ್ನು ನಾನು ಕಂಡು ಎರಡು ವರ್ಷವಾಗಿತ್ತು. ಗೆದ್ದೆ ಎಂದುಕೊಂಡೆ.

ಆಂಟಿಯರು ಬಂದರು. ಅತ್ತೆ ಕೈಯೆತ್ತಿ ಬಳೆ ಗಲ್ಲೆನ್ನಿಸಿದರು.

"ನೋಡಿದ್ರಾ? ನಾನು ಹೇಳ್ತಿರ್ಲಿಲ್ವಾ, ಇವಳೇ ಕದ್ದಿರೋದು ಅಂತ? ಕೊನೆಗೂ ತಂದ್ಕೊಟ್ಲು."

 ಅತ್ತೆ ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ಮಗನ ಕಡೆ ತಿರುಗಿದರು.

"ಕೆಲಸದಿಂದ ತೆಗೀಬೇಡ ಕಣೋ. ಪಾಪ, ಬಡವರ ಮನೆ ಹುಡುಗಿ, ಆಸೆಪಟ್ಟಿದಾಳೆ. ನಾನು ಕ್ಷಮಿಸ್ಬಿಟ್ಟೆ."