ಇನ್ನೊಂದು ಸಾಣೆ ತಡೆಯುತ್ತೆ

ನಮ್ಮ ಭಾವನವರನ್ನು ಬೀದಿಯವರೆಲ್ಲ ಸಾಣೆಯಣ್ಣ ಎಂದು ಕರೆಯುತ್ತಿದ್ದರು. ನನ್ನ ಗಂಡನ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ, ಅವರ ತಾಯಿ, ಅಂದರೆ ನನ್ನ ಅತ್ತೆ, ಹೇಳಿ ಹೇಳಿ ಸಾಕಾಗಿ ಕೈಬಿಟ್ಟಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಸಾಣೆಕಲ್ಲು ತಿರುಗಲು ಶುರುವಾದರೆ ಊಟಕ್ಕೆ ಕರೆಯುವವರೆಗೂ ನಿಲ್ಲುತ್ತಿರಲಿಲ್ಲ. ದರ್ಜಿಗಳ ಕತ್ತರಿ, ಕ್ಷೌರದಂಗಡಿಯ ಕತ್ತಿ, ಮಾಂಸದಂಗಡಿಗಳ ಚಾಕು, ಎಲ್ಲವೂ ಅವರ ಕೈಗೇ ಬರಬೇಕು. ಎಡ ಮುಂಗೈ ಮೇಲೆ ಒಂದು ಕೂದಲೂ ಇರುತ್ತಿರಲಿಲ್ಲ. ಹರಿತ ಬಂದಿದೆಯೋ ಇಲ್ಲವೋ ಎಂದು ಅಲ್ಲೇ ಹೆರೆದು ನೋಡುವುದು ಅವರ ಪದ್ಧತಿ.

ಯಾವ ಚಾಕುವನ್ನೂ ಅವರು ಮುಗಿಯಿತು ಎಂದವರಲ್ಲ. ಸವೆದು ಸವೆದು ಕಡ್ಡಿಯಷ್ಟಾದದ್ದನ್ನು ತಂದು ಯಾರಾದರೂ, "ಇದನ್ನ ಬಿಸಾಡ್ಲಾ ಅಣ್ಣ?" ಎಂದರೆ ಅವರಿಗೆ ರೇಗುತ್ತಿತ್ತು.

"ಬಿಸಾಡೋದು ಯಾರಿಗೆ ಬರಲ್ಲ ಹೇಳು? ತಾ ಇಲ್ಲಿ. ಇನ್ನೊಂದು ಸಾಣೆ ತಡೆಯುತ್ತೆ."

ತಡೆಯುತ್ತಿತ್ತು ಕೂಡ. ಅದಕ್ಕೇ ಹತ್ತು ಬೀದಿ ದಾಟಿ ಜನ ಬರುತ್ತಿದ್ದರು. ನನಗೂ ಅವರ ಬಗ್ಗೆ ಹೆಮ್ಮೆಯಿತ್ತು. ಮುಂದೆ ನಾನು ಏನೇನು ಹೇಳಿದರೂ ಈ ಮಾತನ್ನು ಮಾತ್ರ ಯಾರೂ ಮರೆಯಬಾರದು.

ಮಾಂಸದಂಗಡಿಯಲ್ಲಿ ನನಗೆ ಕೆಲಸ ಕೊಡಿಸಿದ್ದೂ ಅವರೇ. ಬಿಳಿ ಹಂಚು ಹಾಕಿದ ದೊಡ್ಡ ಅಂಗಡಿ, ಗಾಜಿನ ಪೆಟ್ಟಿಗೆ, ಅದರ ಹಿಂದೆ ಸ್ಲೈಸರ್ ಮಿಷನ್ನು. ಊಟದ ತಟ್ಟೆಯಷ್ಟು ಅಗಲದ ದುಂಡು ಬ್ಲೇಡು ಗಿರ್ರನೆ ತಿರುಗುತ್ತಿರುತ್ತದೆ. ಬೇಯಿಸಿ ತಣಿಸಿದ ಮಾಂಸದ ಗಟ್ಟಿಯನ್ನು ಜಾರುಹಲಗೆಯ ಮೇಲಿಟ್ಟು ಬಲಗೈಯಿಂದ ತಳ್ಳಬೇಕು. ಆ ಕಡೆ ಬೀಳುವ ಚೂರನ್ನು ಎಡಗೈಯಲ್ಲಿ ಹಿಡಿಯಬೇಕು. ಮಾಂಸ ತಾಗುವಷ್ಟು ಜಾಗ ಬಿಟ್ಟು ಬ್ಲೇಡಿನ ಸುತ್ತ ಕಾವಲಿಗೆ ಉಕ್ಕಿನ ಒಂದು ಪಟ್ಟಿ ಇರುತ್ತದೆ. ಅದಕ್ಕೆ ನಾವು ಬಳೆ ಎನ್ನುತ್ತಿದ್ದೆವು. ಬ್ಲೇಡಿನ ಅಂಚು ಬಳೆಗೆ ಅಂಟಿದಂತೆ ಕೂತಿದ್ದರೆ ಅಲ್ಲಿ ಬೆರಳು ತೂರುವುದಿಲ್ಲ. ಎಡಗೈ ಬಳೆಯ ಪಕ್ಕ ಇದ್ದರೂ ಭಯವಿಲ್ಲ.

ನಾಲ್ಕು ವರ್ಷ ಆ ಮಿಷನ್ನಿನ ಮುಂದೆ ನಿಂತೆ. ಇನ್ನೂರು ಗ್ರಾಂ ಅಂದರೆ ತಕ್ಕಡಿ ನೋಡದೆ ಇನ್ನೂರು ಗ್ರಾಂ ಕೊಯ್ಯುತ್ತಿದ್ದೆ. ಜಂಬ ಅಂತೀರೇನೋ, ಅಂದುಕೊಳ್ಳಿ. ಆಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಎಡಗೈಯ ನಡುವಿನ ಬೆರಳೂ ಉಂಗುರದ ಬೆರಳೂ ಮೊದಲ ಗೆಣ್ಣಿನವರೆಗೆ ಹೋದವು.

ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಾನು ಹೇಳಿದ್ದು ಒಂದೇ ಮಾತು: "ನನ್ನ ಕೈ ಬಳೆ ಹೊರಗೇ ಇತ್ತು."

"ಹೊರಗಿದ್ದ ಕೈನ ಬ್ಲೇಡು ಎದ್ದು ಬಂದು ಕಚ್ಚುತ್ತೇನಮ್ಮ?" ಎಂದ ಅಂಗಡಿಯ ಯಜಮಾನ. ಅತ್ತೆ ನಿಟ್ಟುಸಿರು ಬಿಟ್ಟು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು. ನಮ್ಮ ಮನೆಯವರು ಕಿಟಕಿಯ ಕಡೆ ನೋಡಿದರು. ಭಾವನವರು ಮಂಚದ ಕಾಲಬಳಿ ನಿಂತು ನನ್ನ ಕೈಯ ಪಟ್ಟಿಯನ್ನೇ ನೋಡುತ್ತಿದ್ದರು. ಅವರೂ ಏನೂ ಹೇಳಲಿಲ್ಲ. ಅವರು ಮಾತಾಡುವುದೇ ಕಡಿಮೆ, ಆದ್ದರಿಂದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ ನಾನು ಮನೆಯಲ್ಲಿ ಗಮನವಿಲ್ಲದವಳು. ಹಾಲು ಉಕ್ಕಿದರೆ, "ಅವಳ ಗಮನ ಎಲ್ಲಿರುತ್ತೋ." ಲೋಟ ಒಡೆದರೆ, "ಬೆರಳು ಕಳ್ಕೊಂಡ್ರೂ ಬುದ್ಧಿ ಬರಲಿಲ್ಲ." ಮಗಳು ಹುಟ್ಟಿದಾಗ ಅವಳಿಗೆ ನೀರು ಹಾಕಲು ಅತ್ತೆ ನನ್ನನ್ನು ಬಿಡಲಿಲ್ಲ. ಮಗಳು ಮಾತು ಕಲಿತ ಮೇಲೆ ಒಂದು ದಿನ ಹಣ್ಣು ಕೊಯ್ಯಲು ಕೂತರೆ, "ನೀನು ಬೇಡಮ್ಮ, ಅಜ್ಜಿ ಕೊಯ್ತಾರೆ," ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು! ಚಾಕು ಕೆಳಗಿಟ್ಟು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ದಿನಾ ಕೇಳಿದರೆ ಏನಾಗುತ್ತದೆ ಗೊತ್ತಾ? ಕೊನೆಗೆ ನಾನೂ ನಂಬಿಬಿಟ್ಟೆ. ಕೈ ಬಳೆಯ ಒಳಗೆ ಹೋಗಿರಬೇಕು, ನನಗೇ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡೆ. ಬೆರಳು ಹೋದದ್ದಕ್ಕಿಂತ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಹೋದದ್ದು ಹೆಚ್ಚು ನೋವು ಕೊಟ್ಟಿತು.

ಆ ಮಾಂಸದಂಗಡಿ ಮುಚ್ಚಿದ ವಾರ ಭಾವನವರು ತಳ್ಳುಗಾಡಿಯಲ್ಲಿ ಏನನ್ನೋ ಹೇರಿಕೊಂಡು ಬಂದರು. ಮೇಲೆ ಗೋಣಿತಟ್ಟು. ಸರಿಸಿ ನೋಡಿದೆ. ಅದೇ ಮಿಷನ್ನು. ಹಿಡಿಯ ಹತ್ತಿರ ತಗ್ಗು ಬಿದ್ದದ್ದು ಕೂಡ ಹಾಗೇ ಇತ್ತು. ನನ್ನ ಬೆರಳು ಹೋದ ಮೇಲೆ ಯಜಮಾನ ಅದನ್ನು ಉಗ್ರಾಣದ ಮೂಲೆಗೆ ತಳ್ಳಿ ಬೇರೆಯದನ್ನು ತಂದಿದ್ದ. ಇದನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ.

"ನನ್ನ ಬೆರಳು ತಿಂದದ್ದನ್ನ ಮನೆ ಒಳಗೆ ತಂದ್ರಾ ಭಾವ? ನಿಮಗೆ ಹೃದಯ ಅನ್ನೋದು ಇದೆಯಾ?"

"ಸ್ವಲ್ಪ ನೋಡ್ಬೇಕಿತ್ತು," ಎಂದರು.

"ಏನು ನೋಡೋದು? ನನ್ನ ಕೈ ನೋಡಿ, ಸಾಲದಾ?"

ಅತ್ತೆ, "ಹಾಳು ಗುಜರಿ, ಆಚೆ ಹಾಕೋ," ಎಂದರೂ ಅವರು ಹಾಕಲಿಲ್ಲ. ಹಿತ್ತಲ ಕೋಣೆಯ ಮೇಜಿನ ಮೇಲೆ ಅದನ್ನು ಕೂರಿಸಿ ಬಿಚ್ಚತೊಡಗಿದರು.

ಮೂರು ತಿಂಗಳ ಕೆಲಸ. ಹಳೆಯ ಕೊಬ್ಬು ಗೋಂದಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿಗೆ ಸೋಡಾ ಹಾಕಿ, ಬಟ್ಟೆ ಅದ್ದಿ ಹೊದಿಸಿ, ಮೆತ್ತಗಾದ ಮೇಲೆ ಮರದ ಚಕ್ಕೆಯಿಂದ ಕೆರೆಯುತ್ತಿದ್ದರು. ಕಬ್ಬಿಣದಲ್ಲಿ ಕೆರೆದರೆ ಗೀರು ಬೀಳುತ್ತದೆ, ಗೀರಿನಲ್ಲಿ ಮಾಂಸ ಕೂತು ಕೊಳೆಯುತ್ತದೆ. ಬಿಚ್ಚಿದ ತಿರುಪುಗಳನ್ನು ಡಬ್ಬಿಯ ಮುಚ್ಚಳಗಳಲ್ಲಿ ಸಾಲಾಗಿ ಇಟ್ಟರು. ಬೇರಿಂಗು ಬದಲಾಯಿಸಿದರು, ತುಕ್ಕು ತಿಂದ ಕಂಬಿಯನ್ನು ಉಜ್ಜಿ ಕನ್ನಡಿ ಮಾಡಿದರು. ನಾನು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಊಟಕ್ಕೆ ಕರೆಯುವುದಿದ್ದರೂ ಮಗಳನ್ನು ಕಳಿಸುತ್ತಿದ್ದೆ. ಅವಳು ಬಂದು ಹೇಳಿದ ಒಂದು ಸಂಗತಿ ಮಾತ್ರ ನನಗೆ ವಿಚಿತ್ರ ಎನಿಸಿತು: ಬ್ಲೇಡನ್ನು ದೊಡ್ಡಪ್ಪ ಮುಟ್ಟಿಯೇ ಇಲ್ಲವಂತೆ. ಜೀವಮಾನವಿಡೀ ಸಾಣೆ ಹಿಡಿದವರು!

ಒಂದು ದಿನ ಮೋಟಾರು ಹಾಕಿದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಆ ಸದ್ದು ಕೇಳಿ ನಲ್ಲಿ ನಿಲ್ಲಿಸಿದೆ. ಬಾಯಿ ಸುಮ್ಮನಿರಬೇಕಲ್ಲ!

"ಭಾವ, ಬೆಲ್ಟು ಸಡಿಲ ಇದೆ. ಇದು ಹೀಗೆ ಅಳ್ತಾ ಇರಲಿಲ್ಲ!"

ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮಾರನೆಯ ದಿನ ಬಾಗಿಲಲ್ಲಿ ನಿಂತು ಜಾರುಹಲಗೆ ಬಿಗಿಯಾಯಿತು, ಒಂದು ಬೆರಳಲ್ಲಿ ತಳ್ಳಿದರೆ ಓಡಬೇಕು ಎಂದೆ. ಅದರ ಮಾರನೆಯ ದಿನ ಒಳಗೇ ಹೋದೆ. ಅವರಿಗೆ ಕಬ್ಬಿಣ ಗೊತ್ತಿತ್ತು, ಮಿಷನ್ನು ಗೊತ್ತಿದ್ದದ್ದು ನನಗೆ.

ಭಾವನವರು ತರಿಸಿದ್ದ ಹೊಸ ಬ್ಲೇಡು ಬಂದ ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಕೂತ್ಕೊಮ್ಮ," ಎಂದರು. ಪ್ಲಗ್ಗು ಕಿತ್ತು ದೂರ ಇಟ್ಟರು. ಹಳೆಯ ಬ್ಲೇಡು ಇನ್ನೂ ಮಿಷನ್ನಿನಲ್ಲೇ ಇತ್ತು. ಅದರ ಅಂಚಿಗೂ ಬಳೆಗೂ ನಡುವೆ ತಮ್ಮ ಕಿರುಬೆರಳು ತೂರಿಸಿದರು. ಉಗುರು ಪೂರ್ತಿ ಒಳಗೆ ಹೋಯಿತು. ಆಮೇಲೆ ಆ ಬ್ಲೇಡನ್ನು ಬಿಚ್ಚಿ ಹೊಸದರ ಮೇಲಿಟ್ಟರು. ಸುತ್ತಲೂ ಕಿರುಬೆರಳಿನ ಅಗಲದಷ್ಟು ಹೊಸದು ಹೊರಗೆ ಕಾಣುತ್ತಿತ್ತು.

"ಸಾಣೆ ಹಿಡಿದಾಗೆಲ್ಲ ಬ್ಲೇಡು ಒಂದು ಕೂದಲೆಳೆ ಸವೆಯುತ್ತೆ," ಎಂದರು. "ಬಳೆ ಸವೆಯಲ್ಲ. ಸಂದು ದೊಡ್ಡದಾಗ್ತಾ ಹೋಗುತ್ತೆ. ಇದು ಅವತ್ತಿನ ಬ್ಲೇಡೇ. ನಿನ್ನ ಕೈ ಬಳೆ ಹೊರಗೇ ಇತ್ತು. ಆ ಸಂದಿಗೆ ಬೆರಳು ಸಿಕ್ಕಿದೆ."

ಹೊರಗೆ ಕಾಣುತ್ತಿದ್ದ ಆ ಅಂಚಿಗೆ ನನ್ನ ಮೋಟು ಬೆರಳು ಹಿಡಿದು ನೋಡಿದೆ.

"ಅದಕ್ಕೆ ಇಪ್ಪತ್ತು ದಿನ ಮುಂಚೆ ಯಜಮಾನ ಕೇಳಿದ್ದ, ಹೊಸದು ಹಾಕ್ಬೇಕಾ ಅಂತ. ನಾನೇ ಹೇಳಿದ್ದು, ಇನ್ನೊಂದು ಸಾಣೆ ತಡೆಯುತ್ತೆ ಅಂತ."

"ನಿಮಗೆ ಯಾವಾಗ ಗೊತ್ತಾಯ್ತು?"

"ಆಸ್ಪತ್ರೇಲಿ ನೀನು ಹೇಳಿದ್ಯಲ್ಲ, ಆಗಲೇ ಅನುಮಾನ ಬಂತು. ಅಳೆದ್ರೆ ಗೊತ್ತಾಗಿಬಿಡುತ್ತೆ ಅಂತ ಅಳೀಲಿಲ್ಲ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಮೇಜಿನ ಮೇಲಿದ್ದ ಮುಚ್ಚಳಗಳನ್ನೆಲ್ಲ ಗುಡಿಸಿ ಎಸೆದೆ. ತಿರುಪುಗಳು ಕೋಣೆ ತುಂಬ ಉರುಳಿದವು.

"ಹನ್ನೊಂದು ವರ್ಷ ಇದೇ ಕೈಯಲ್ಲಿ ಬಡಿಸಿದ್ದು ಉಂಡ್ರಲ್ಲ ಭಾವ! ನಿಮ್ಮಮ್ಮ ಅಷ್ಟಷ್ಟು ಆಡ್ತಿದ್ರೆ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಲ್ಲ! ನಾಚಿಕೆ ಆಗ್ಲಿಲ್ವಾ?"

"ಆಯ್ತು. ದಿನಾ ಆಯ್ತು."

"ನನಗೊಬ್ಬಳಿಗೆ ಹೇಳಿದ್ರೆ ಮುಗೀಲಿಲ್ಲ. ಎಲ್ಲರ ಮುಂದೆ ಹೇಳ್ಬೇಕು. ನಿಮ್ಮಮ್ಮನ ಮುಂದೆ ಹೇಳ್ಬೇಕು."

ಅವರ ಮುಖ ಬಿಳಿಚಿಕೊಂಡಿತು. ಅತ್ತೆಗೆ ಹಿರಿಮಗ ಎಂದರೆ ಪ್ರಾಣ. ಅವನ ಕೈಗೆ ಸಮ ಇನ್ನೊಂದು ಕೈಯಿಲ್ಲ ಎಂದು ಬೀದಿಗೆಲ್ಲ ಸಾರಿದವರು. ಭಾವನವರು ತಲೆಯಾಡಿಸಿ, ನೆಲಕ್ಕೆ ಕೂತು ತಿರುಪುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ನಾನು ಬಗ್ಗಲಿಲ್ಲ.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಅವರು ಮಾತ್ರ ನಿಂತೇ ಇದ್ದರು. ಹಳೆಯ ಬ್ಲೇಡು, ಹೊಸ ಬ್ಲೇಡು, ಸಂದು, ಇಪ್ಪತ್ತು ದಿನ, ಆಸ್ಪತ್ರೆ, ಯಾವುದನ್ನೂ ಬಿಡದೆ ಹೇಳಿದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆಗಿದ್ದು ಆಗೋಯ್ತು, ಬಿಡಣ್ಣ," ಎಂದರು ನಮ್ಮ ಮನೆಯವರು.

"ನೀವು ಸುಮ್ನಿರಿ!" ಎಂದೆ. "ನಿಮ್ಮ ಬೆರಳಲ್ಲ ಹೋಗಿದ್ದು."

ಅತ್ತೆಯ ತುತ್ತು ಕೈಯಲ್ಲೇ ಉಳಿದಿತ್ತು. ಮಗನ ಮುಖ ನೋಡಿದರು, ಆಮೇಲೆ ನನ್ನ ಎಡಗೈ ನೋಡಿದರು. "ಇವಳು ಅವತ್ತೇ ಹೇಳಿದ್ಲು ಕಣೋ," ಎಂದರು. "ಆ ನೋವಿನಲ್ಲೂ ಹೇಳಿದ್ಲು. ನಾನು ಗಾದೆ ಹೇಳಿದೆ." ತುತ್ತನ್ನು ತಟ್ಟೆಗೆ ಹಾಕಿ ಎದ್ದುಹೋದರು.

ಅದೇ ಮಧ್ಯಾಹ್ನ ನಾನು ಹಿತ್ತಲ ಕೋಣೆಗೆ ಹೋದೆ. ಹೊಸ ಬ್ಲೇಡು ಕೂತಿತ್ತು. ಬಳೆಗೂ ಅದಕ್ಕೂ ನಡುವೆ ರಟ್ಟಿನ ಚೂರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಬೇಯಿಸಿ ತಣಿಸಿದ್ದ ಮಾಂಸದ ಗಟ್ಟಿಯನ್ನು ಹಲಗೆಯ ಮೇಲಿಟ್ಟೆ. ಭಾವನವರು ಹಿಂದೆಯೇ ಬಂದರು.

"ನೀನು ತಳ್ಳು. ಚೂರು ನಾನು ಹಿಡೀತೀನಿ," ಎಂದು ಆ ಕಡೆ ಹೋಗಿ ನಿಂತರು.

ಗುಂಡಿ ಒತ್ತಿದೆ. ಒಂದು ಚೂರು ಬಿತ್ತು, ಎರಡು ಬಿದ್ದವು. ಮೂರನೆಯದಕ್ಕೆ ತಳ್ಳುವಾಗ ನೋಡುತ್ತೇನೆ, ಅವರು ಚೂರನ್ನು ಹಿಡಿಯುತ್ತಲೇ ಇಲ್ಲ. ಚೂರು ಮೇಜಿನ ಮೇಲೆ ಬೀಳುತ್ತಿದೆ. ಅವರ ಎಡಗೈ ಬಳೆ ಮುಗಿಯುವ ಕಡೆಗೆ, ಬ್ಲೇಡು ಬಯಲಾಗಿರುವ ಕಡೆಗೆ, ಸ್ವಲ್ಪ ಸ್ವಲ್ಪವೇ ಜರುಗುತ್ತಿದೆ. ಅವರ ಕಣ್ಣು ಮುಚ್ಚಿತ್ತು.

ಥಟ್ಟನೆ ಆರಿಸಿದೆ. ಬ್ಲೇಡು ನಿಲ್ಲುವವರೆಗೂ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಕೈ ತೆಗೀರಿ ಭಾವ. ನಿಮ್ಮ ಬೆರಳು ತಗೊಂಡು ನಾನೇನು ಮಾಡ್ಲಿ? ಅವತ್ತು ಆಸ್ಪತ್ರೇಲಿ, ಇವಳು ಹೇಳ್ತಿರೋದು ನಿಜ ಇರಬಹುದು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ನನಗೆ. ಎರಡು ಬೆರಳು ಇಲ್ಲದೇನೂ ನಾನು ಸುಖವಾಗಿ ಇರ್ತಿದ್ದೆ."

ಅರವತ್ತೆಂಟು ವರ್ಷದ ಮನುಷ್ಯ ಗೋಡೆಗೆ ಒರಗಿ ಸದ್ದು ಮಾಡಿ ಅತ್ತರು. ಅವರನ್ನು ಕ್ಷಮಿಸಿದೆನೋ ಇಲ್ಲವೋ ನನಗೆ ಆ ದಿನ ಗೊತ್ತಿರಲಿಲ್ಲ, ಅವರು ತೀರಿಹೋಗಿ ಎರಡು ವರ್ಷವಾದ ಈಗಲೂ ಸರಿಯಾಗಿ ಗೊತ್ತಿಲ್ಲ. ಮಿಷನ್ನು ಮತ್ತೆ ಹಾಕಿದೆ. ನನ್ನ ಎಡಗೈಯನ್ನು, ಉಳಿದ ಬೆರಳುಗಳೂ ಮೋಟುಗಳೂ ಸೇರಿದ ಆ ಕೈಯನ್ನು, ಹಿಂದಿನ ಹಾಗೇ ಬಳೆಯ ಪಕ್ಕಕ್ಕೆ ತಂದು ಚೂರು ಹಿಡಿದೆ. ಕೈ ಹೆದರಲಿಲ್ಲ. ತೆಳ್ಳಗೆ, ಒಂದೇ ಸಮನಾಗಿ, ಮಾಂಸದ ಗಟ್ಟಿ ಮುಗಿಯುವವರೆಗೂ ಕೊಯ್ದೆ. ಭಾವನವರು ಅಳುತ್ತಲೇ ಹತ್ತಿರ ಬಂದು ತಟ್ಟೆ ಹಿಡಿದರು.

"ಅಳೋದಾದ್ರೆ ಆಚೆ ನಿಂತು ಅಳಿ ಭಾವ, ಮಾಂಸದ ಮೇಲೆ ಬೀಳುತ್ತೆ," ಎಂದೆ. ನನ್ನದೂ ಬೀಳುತ್ತಿತ್ತು.